ಪಾಪರ್ ಕಲಿಸಲು ಐದು ಡೆಕ್‌ಗಳ ಪೆಟ್ಟಿಗೆ: ಆಯ್ಕೆಯಿಂದ ಮೊದಲ ಸಂಜೆಯವರೆಗೆ

'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಕಾರ್ಡಿನ ಆಟವನ್ನು ನಾನು ಮೊದಲು ಕಲಿಸಲು ಹೊರಟದ್ದು ಚಿಕ್ಕಪ್ಪನ ಮಗನಿಗೆ. ರಮ್ಮಿ, ಇಪ್ಪತ್ತೆಂಟು ಎರಡರಲ್ಲೂ ಪಳಗಿದ ಕೈ ಅವನದು. ಎದುರಿನವನು ಎಸೆದ ಎಲೆಯನ್ನು ನೋಡಿ ಕೈಯಲ್ಲಿ ಉಳಿದದ್ದೇನೆಂದು ಹೇಳಬಲ್ಲ. ಅಂಥವನಿಗೆ ನನ್ನಲ್ಲಿದ್ದ ಅತ್ಯಂತ ಬಲವಾದ ಡೆಕ್ (ಆಡಲೆಂದು ಆರಿಸಿ ಜೋಡಿಸಿದ ಕಾರ್ಡುಗಳ ಕಟ್ಟು) ಕೊಡಬೇಕೆಂದು ನೀಲಿ ಬಣ್ಣದ ಫೇರಿ ಡೆಕ್ ಕೊಟ್ಟೆ. ಸಾಲಾಗಿ ಮೂರು ಆಟ ಸೋತ. ಸೋತದ್ದು ಅವನಿಗೆ ದೊಡ್ಡದಾಗಿರಲಿಲ್ಲ. "ಅಣ್ಣ, ನಾನು ಎಲ್ಲಿ ತಪ್ಪಿದೆ?" ಎಂದು ಕೇಳಿದ. ಎರಡನೆಯ ಸರದಿಯಲ್ಲಿ ಆಡದೆ ಉಳಿಸಿಕೊಳ್ಳಬೇಕಿದ್ದ ಒಂದು ಕಾರ್ಡಿನ ಬಗ್ಗೆ ಹತ್ತು ನಿಮಿಷ ವಿವರಿಸಿದೆ. ಅವನು ತಲೆಯಾಡಿಸಿದ, ಎದ್ದು ಹೋದ. ಮತ್ತೆ ಆ ಪೆಟ್ಟಿಗೆಯ ಕಡೆ ನೋಡಲಿಲ್ಲ.

ಆ ದಿನದಿಂದ ಹೊಸಬರಿಗೆ ಡೆಕ್ ಆರಿಸುವಾಗ ನಾನು ಒಂದೇ ಅಳತೆಗೋಲು ಬಳಸುತ್ತೇನೆ. ಸೋತವನಿಗೆ ತಾನು ಏಕೆ ಸೋತೆನೆಂಬುದು ಬೇರೆಯವರ ವಿವರಣೆಯಿಲ್ಲದೆ ಮೇಜಿನ ಮೇಲೆಯೇ ಕಾಣಬೇಕು. ಡೆಕ್ ಎಷ್ಟು ಬಲವಾಗಿದೆ, ಚಿತ್ರ ಎಷ್ಟು ಚೆಂದವಿದೆ ಎಂಬುದೆಲ್ಲ ಅದರ ನಂತರ. ಮುಂದೆ ಹೇಳಿರುವುದೆಲ್ಲ ಈ ಅಳತೆಗೋಲು ಹಿಡಿದು ಐದು ಡೆಕ್‌ಗಳ ಒಂದು ಪೆಟ್ಟಿಗೆಯನ್ನು ಕಟ್ಟುವ ಬಗೆ.

ಪಾಪರ್ ಏಕೆ

ದಿವಾಳಿಯಾದವನು 'ಪಾಪರ್ ಚೀಟಿ' ತೆಗೆದುಕೊಂಡ ಎನ್ನುವ ಮಾತು ನಮ್ಮಲ್ಲಿ ಹಳೆಯದು. ಈ ಆಟದ ಪಾಪರ್ ಬಗೆಯ ಹೆಸರೂ ಅದೇ ಇಂಗ್ಲಿಷ್ ಪದದಿಂದ ಬಂದದ್ದು. ಮ್ಯಾಜಿಕ್ 1993ರಿಂದ ಮುದ್ರಣವಾಗುತ್ತಿದೆ. ಅದರ ಕಾರ್ಡುಗಳಲ್ಲಿ ಸಾಮಾನ್ಯ, ಮಧ್ಯಮ, ಅಪರೂಪ, ಅತಿ ಅಪರೂಪ ಎಂಬ ದರ್ಜೆಗಳಿವೆ. ಪಾಪರ್‌ನಲ್ಲಿ ಸಾಮಾನ್ಯ ದರ್ಜೆಯವು, ಅಂದರೆ ಕಾಮನ್ ಕಾರ್ಡುಗಳು ಮಾತ್ರ ನಡೆಯುತ್ತವೆ. ಡೆಕ್‌ನಲ್ಲಿ ಕನಿಷ್ಠ 60 ಕಾರ್ಡು ಇರಬೇಕು; ಮಾನಾ, ಅಂದರೆ ಕಾರ್ಡುಗಳ ಬೆಲೆ ತೆರುವ ಶಕ್ತಿಯನ್ನು ಕೊಡುವ ಮೂಲ ಲ್ಯಾಂಡ್‌ಗಳನ್ನು ಬಿಟ್ಟು ಒಂದೇ ಹೆಸರಿನವು 4ಕ್ಕಿಂತ ಹೆಚ್ಚಿರುವಂತಿಲ್ಲ; ಆಟಗಳ ನಡುವೆ ಬದಲಿಸಿಕೊಳ್ಳಲು ಪಕ್ಕದಲ್ಲಿ 15 ಕಾರ್ಡುಗಳ ಸೈಡ್‌ಬೋರ್ಡ್ ಇಟ್ಟುಕೊಳ್ಳಬಹುದು; ಇಬ್ಬರೂ 20 ಲೈಫ್‌ನಿಂದ ಆರಂಭಿಸುತ್ತಾರೆ, ಅದು ಸೊನ್ನೆಗೆ ಇಳಿದವನು ಸೋತಂತೆ. ಆನ್‌ಲೈನ್ ಆವೃತ್ತಿಯಲ್ಲಿ 2008ರಲ್ಲಿ ಅಧಿಕೃತವಾದ ಈ ಬಗೆಗೆ 2019ರಲ್ಲಿ ಕಾಗದದ ಕಾರ್ಡುಗಳಿಗೂ ಅನ್ವಯಿಸುವ ಒಂದೇ ನಿಯಮಾವಳಿ ಬಂದಿತು.

ಹೊಸಬರಿಗೆ ಇದು ಹೊಂದುವುದಕ್ಕೆ ಅಗ್ಗವಾಗಿರುವುದೊಂದೇ ಕಾರಣವಲ್ಲ. ಕಾಮನ್ ಕಾರ್ಡುಗಳಲ್ಲಿ ಬಹುಪಾಲು ಒಂದೊಂದೇ ಕೆಲಸ ಮಾಡುತ್ತವೆ, ಬರಹವೂ ಚಿಕ್ಕದು. ಲೈಟ್ನಿಂಗ್ ಬೋಲ್ಟ್ ಒಂದು ಕೆಂಪು ಮಾನಾ ಕೇಳುತ್ತದೆ, ಮೂರು ಪೆಟ್ಟು ಕೊಡುತ್ತದೆ, ಅಷ್ಟೇ. ಅತಿ ಅಪರೂಪದ ಒಂದೇ ಕಾರ್ಡು ಆಟವನ್ನು ತಲೆಕೆಳಗು ಮಾಡುವ ಸಂದರ್ಭ ಇಲ್ಲಿ ಕಡಿಮೆ. ಗೆದ್ದವನ ದುಡ್ಡು ಗೆದ್ದಿತೆಂಬ ಗುಮಾನಿಗೆ ಎಡೆಯೇ ಇಲ್ಲ.

ಮೊದಲ ಹೆಜ್ಜೆ: ಒಂದು ಬಣ್ಣ, ಒಂದು ಗುರಿ

ಪೆಟ್ಟಿಗೆಯ ಪ್ರತಿ ಡೆಕ್ ಒಂದೇ ಬಣ್ಣದ್ದಾಗಿರಲಿ. ಎರಡು ಬಣ್ಣದ ಡೆಕ್‌ನಲ್ಲಿ ಹೊಸಬ ಸೋತಾಗ ಸರಿಯಾದ ಬಣ್ಣದ ಲ್ಯಾಂಡ್ ಬರಲಿಲ್ಲವೋ, ತಾನು ಆಡಿದ್ದು ತಪ್ಪೋ ಎಂಬ ಗೊಂದಲ ಉಳಿಯುತ್ತದೆ. ಒಂದೇ ಬಣ್ಣವಾದರೆ ಆ ಗೊಂದಲವಿಲ್ಲ. ಲ್ಯಾಂಡ್ ಖರೀದಿಯ ಖರ್ಚೂ ಇಲ್ಲ, ಮೂಲ ಲ್ಯಾಂಡ್‌ಗಳೇ ಸಾಕು.

ಆಮೇಲೆ ಪ್ರತಿ ಡೆಕ್‌ನ ಗುರಿಯನ್ನು ಒಂದು ಸಾಲಿನಲ್ಲಿ ಬರೆದು ನೋಡಿ. ಬರೆಯಲು ಎರಡನೆಯ ಸಾಲು ಬೇಕಾಯಿತೆಂದರೆ ಆ ಡೆಕ್ ಮೊದಲ ಸಂಜೆಗೆ ಬೇಡ. ನಾನು ಈ ಸಾಲನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಡೆಕ್‌ನ ಜೊತೆಯಲ್ಲೇ ಇಡುತ್ತೇನೆ. ಕಾರ್ಡುಗಳ ಬರಹವೆಲ್ಲ ಇಂಗ್ಲಿಷಿನಲ್ಲಿದೆ. ಅದರ ನಡುವೆ ತನ್ನ ಭಾಷೆಯ ಒಂದು ಸಾಲು ಸಿಕ್ಕರೆ ಹೊಸಬನಿಗೆ ಹಿಡಿದುಕೊಳ್ಳಲು ಕಂಬ ಸಿಕ್ಕಂತೆ. (ಭಾರತೀಯ ಭಾಷೆಯೊಂದು ಈ ಆಟದ ಕಾರ್ಡಿನ ಮೇಲೆ ಬಂದದ್ದುಂಟು: 2001ರ ಅಪೊಕಲಿಪ್ಸ್ ಸರಣಿಯ ಪ್ರಚಾರಕ್ಕೆಂದು ಫಂಗಲ್ ಶ್ಯಾಂಬ್ಲರ್ ಎಂಬ ಕಾರ್ಡನ್ನು ಸಂಸ್ಕೃತದಲ್ಲಿ ಮುದ್ರಿಸಿದ್ದರು. ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗಿದೆ.)

ಎರಡನೆಯ ಹೆಜ್ಜೆ: ಐದು ಡೆಕ್‌ಗಳ ಆಯ್ಕೆ

ಮೊದಲು ಕೆಂಪು. ಚೀಟಿಯ ಸಾಲು: "ಎದುರಾಳಿಯ 20 ಲೈಫ್ ಸುಟ್ಟುಹಾಕು." ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್, ಸ್ಕ್ಯೂವರ್ ದಿ ಕ್ರಿಟಿಕ್ಸ್ ಒಂದೊಂದೂ ಮೂರು ಪೆಟ್ಟು ಕೊಡುತ್ತವೆ. ಏಳು ಕಾರ್ಡು ತಗುಲಿದರೆ 21, ಆಟ ಮುಗಿಯಿತು. ಈ ಲೆಕ್ಕವನ್ನು ಹೊಸಬ ತಾನಾಗಿಯೇ ಕಂಡುಕೊಳ್ಳುವ ಗಳಿಗೆಯೇ ಈ ಡೆಕ್‌ನ ಸಾರ್ಥಕತೆ. ಥರ್ಮೋ-ಆಲ್ಕೆಮಿಸ್ಟ್, ಘಿಟು ಲಾವಾರನ್ನರ್ ಎಂಬ ಜೀವಿಗಳನ್ನು ಸೇರಿಸಿ, 18 ಮೌಂಟನ್ (ಕೆಂಪು ಮಾನಾ ಕೊಡುವ ಮೂಲ ಲ್ಯಾಂಡ್) ಹಾಕಿ. ಫೈರ್‌ಬ್ಲಾಸ್ಟ್ ಖಂಡಿತ ಇರಲಿ: ಮಾನಾ ಕೊಡುವ ಬದಲು ಎರಡು ಮೌಂಟನ್‌ಗಳನ್ನೇ ಬಲಿಕೊಟ್ಟು ನಾಲ್ಕು ಪೆಟ್ಟು ಹಾಕುವ ಅವಕಾಶ ಅದರಲ್ಲಿದೆ. ಬೆಲೆಯನ್ನು ಮಾನಾದಲ್ಲಿ ಮಾತ್ರವಲ್ಲ, ಬೇರೆ ರೀತಿಯಲ್ಲೂ ತೆರಬಹುದು ಎಂಬ ದೊಡ್ಡ ಪಾಠ ಅಲ್ಲಿ ಒಂದೇ ಏಟಿಗೆ ಸಿಗುತ್ತದೆ. ರಿಫ್ಟ್ ಬೋಲ್ಟ್ ಒಳ್ಳೆಯ ಕಾರ್ಡೇ, ಆದರೆ ಈಗ ಹಾಕಿ ಮುಂದಿನ ಸರದಿಯಲ್ಲಿ ಫಲ ಪಡೆಯುವ ಅದರ ರೀತಿ ಮೊದಲ ದಿನ ಮರೆತುಹೋಗುತ್ತದೆ. ಅದರ ಬದಲು ಫೈರ್‌ಬೋಲ್ಟ್ ಹಾಕಿ.

ಹಸಿರಿನ ಸಾಲು: "ಜೀವಿಗಳನ್ನು ಇಳಿಸು, ದೊಡ್ಡದು ಮಾಡು, ನುಗ್ಗು." ಲಾನೋವಾರ್ ಎಲ್ವ್ಸ್, ನೆಸ್ಟ್ ಇನ್ವೇಡರ್, ಜ್ಯೂಯಲ್ ಥೀಫ್ ಮುಂತಾದವು ನುಗ್ಗುವ ದಂಡು, ಜೈಂಟ್ ಗ್ರೋತ್, ವೈನ್ಸ್ ಆಫ್ ವಾಸ್ಟ್‌ವುಡ್ ದಂಡಿಗೆ ಬಲ ತುಂಬುವವು. ನಾಲ್ಕು ರ್‍ಯಾಂಕರ್ ಕಡ್ಡಾಯ. ಜೀವಿಗೆ ಅಂಟಿಸಿದ ಬಲ ಆ ಜೀವಿ ಸತ್ತಾಗ ವ್ಯರ್ಥವಾಗುತ್ತದೆ ಎಂಬುದು ಈ ಆಟದಲ್ಲಿ ಹೊಸಬರಿಗೆ ಆಗುವ ಮೊದಲ ನೋವು. ರ್‍ಯಾಂಕರ್ ಮಾತ್ರ ಮರಳಿ ಕೈಗೆ ಬರುತ್ತದೆ. ಲ್ಯಾಂಡ್ 18 ಸಾಕು.

ಬಿಳಿಯದರ ಮೇಲೆ ನನಗೆ ವಿಶೇಷ ಮಮತೆ. ಸಾಲು: "ಚಿಕ್ಕವರ ಪಡೆ ಕಟ್ಟಿ ಆಕಾಶದಿಂದ ಹೊಡೆ." ಥ್ರಾಬೆನ್ ಇನ್‌ಸ್ಪೆಕ್ಟರ್ ಇಳಿದಾಗ ಒಂದು ಸುಳಿವು ಕೊಡುತ್ತಾನೆ, ಎರಡು ಮಾನಾ ಕೊಟ್ಟು ಸುಳಿವನ್ನು ಬಲಿಕೊಟ್ಟರೆ ಒಂದು ಕಾರ್ಡು ಎತ್ತಿಕೊಳ್ಳಬಹುದು. ಕೋರ್ ಸ್ಕೈಫಿಶರ್ ಎರಡೇ ಮಾನಾಕ್ಕೆ ಸಿಗುವ ಒಳ್ಳೆಯ ಹಾರುವ ಜೀವಿ, ಆದರೆ ಇಳಿದಾಗ ನಿಮ್ಮದೇ ಒಂದು ಕಾರ್ಡನ್ನು ಕೈಗೆ ಮರಳಿಸಬೇಕು. ಹೊಸಬರು ಮೊದಲು ಇದನ್ನು ದಂಡವೆಂದುಕೊಂಡು ಲ್ಯಾಂಡ್ ಒಂದನ್ನು ವಾಪಸು ಎತ್ತಿಕೊಳ್ಳುತ್ತಾರೆ. ಎರಡನೆಯ ಆಟದಲ್ಲೋ ಮೂರನೆಯದರಲ್ಲೋ ಅವರ ಕಣ್ಣು ಇನ್‌ಸ್ಪೆಕ್ಟರ್ ಮೇಲೆ ಬೀಳುತ್ತದೆ. ಅವನನ್ನು ಕೈಗೆ ತೆಗೆದುಕೊಂಡು ಮತ್ತೆ ಇಳಿಸಿದರೆ ಇನ್ನೊಂದು ಸುಳಿವು! ದಯವಿಟ್ಟು ಇದನ್ನು ನೀವು ಮೊದಲೇ ಹೇಳಿಬಿಡಬೇಡಿ. ಎರಡು ಸಾದಾ ಕಾರ್ಡು ಸೇರಿ ಮೂರನೆಯದೊಂದು ಲಾಭವಾಗುವುದನ್ನು ತಾನೇ ಕಂಡವನು ಆ ಸಂಜೆಯಿಂದ ನಿಮ್ಮ ಆಟದ ಗೆಳೆಯನಾಗುತ್ತಾನೆ. ಬ್ಯಾಟಲ್ ಸ್ಕ್ರೀಚ್ ಕೂಡ ಹೀಗೆಯೇ: ನಾಲ್ಕು ಮಾನಾಕ್ಕೆ ಎರಡು ಹಕ್ಕಿ, ಆ ಎರಡು ಹಕ್ಕಿಗಳ ಜೊತೆ ಇನ್ನೊಂದು ಬಿಳಿ ಜೀವಿಯನ್ನು ಟ್ಯಾಪ್ ಮಾಡಿದರೆ, ಅಂದರೆ ಬಳಸಿದ ಗುರುತಿಗೆ ಅಡ್ಡ ತಿರುಗಿಸಿದರೆ, ಗ್ರೇವ್‌ಯಾರ್ಡ್‌ನಿಂದ (ಬಳಸಿ ಮುಗಿದ ಕಾರ್ಡುಗಳ ರಾಶಿಯಿಂದ) ಮತ್ತೆರಡು ಹಕ್ಕಿ. ಸ್ಕ್ವಾಡ್ರನ್ ಹಾಕ್, ಜರ್ನಿ ಟು ನೋವೇರ್, ಗಾರ್ಡಿಯನ್ಸ್ ಪ್ಲೆಡ್ಜ್ ಸೇರಿಸಿ. ಲ್ಯಾಂಡ್ 21 ಇರಲಿ.

ಕಪ್ಪು ನಿಧಾನದ ಡೆಕ್. ಸಾಲು: "ಎದುರಿನದನ್ನು ಒಂದೊಂದಾಗಿ ಕೊಲ್ಲು, ಕೊನೆಗೆ ವ್ಯಾಪಾರಿಯನ್ನು ಇಳಿಸು." ಆ ವ್ಯಾಪಾರಿಯೇ ಗ್ರೇ ಮರ್ಚೆಂಟ್ ಆಫ್ ಆಸ್ಫೊಡೆಲ್, ಆಡುವವರು ಪ್ರೀತಿಯಿಂದ 'ಗ್ಯಾರಿ' ಎನ್ನುತ್ತಾರೆ. ಅವನು ಇಳಿದಾಗ ನಿಮ್ಮ ಮುಂದಿರುವ ಕಾರ್ಡುಗಳ ಬೆಲೆಯಲ್ಲಿ ಎಷ್ಟು ಕಪ್ಪು ಮಾನಾ ಚಿಹ್ನೆಗಳಿವೆಯೋ ಅಷ್ಟು ಲೈಫ್ ಎದುರಾಳಿ ಕಳೆದುಕೊಳ್ಳುತ್ತಾನೆ, ನಿಮಗೆ ಅಷ್ಟೇ ಸೇರುತ್ತದೆ. ಒಬ್ಬನೇ ಇದ್ದರೆ ಎರಡು. ಪಕ್ಕದಲ್ಲಿ ಚಿಟ್ಟರಿಂಗ್ ರ್‍ಯಾಟ್ಸ್ ಇದ್ದರೆ ನಾಲ್ಕು. ಫೈರೆಕ್ಸಿಯನ್ ರೇಜರ್ ಕೂಡ ಇದ್ದರೆ ಐದು. ಕೊಲ್ಲಲು ಕಾಸ್ಟ್ ಡೌನ್ ಮತ್ತು ಚೈನರ್ಸ್ ಈಡಿಕ್ಟ್, ಕಾರ್ಡು ಎತ್ತಿಕೊಳ್ಳಲು ಸೈನ್ ಇನ್ ಬ್ಲಡ್. ಮೇಜಿನ ಮೇಲಿನ ಜೀವಿಗಳನ್ನೆಲ್ಲ ಒರೆಸಿಹಾಕಬಲ್ಲ ಕ್ರಿಪ್ಟ್ ರ್‍ಯಾಟ್ಸ್ ಎರಡೇ ಇರಲಿ. ನಾಲ್ಕು ಹಾಕಿದರೆ ಬಿಳಿ, ಹಸಿರು ಹಿಡಿದವರಿಗೆ ಉಸಿರಾಡಲು ಆಗುವುದಿಲ್ಲ. ಗ್ಯಾರಿಗೆ ಐದು ಮಾನಾ ಬೇಕು, ಆದ್ದರಿಂದ ಲ್ಯಾಂಡ್ 23.

ಐದನೆಯದು ನೀಲಿ. ಪೆಟ್ಟಿಗೆಯಲ್ಲಿ ಇರಲಿ, ಆದರೆ ಮೊದಲ ಸಂಜೆ ಅದನ್ನು ಯಾರ ಕೈಗೂ ಕೊಡಬೇಡಿ. ಎದುರಾಳಿ ಆಡಿದ ಕಾರ್ಡನ್ನು ತಡೆಯುವ ಕೌಂಟರ್‌ಸ್ಪೆಲ್, ಸ್ಪೆಲ್‌ಸ್ಟಟರ್ ಸ್ಪ್ರೈಟ್, ಜೊತೆಗೆ ನಿಂಜಾ ಆಫ್ ದಿ ಡೀಪ್ ಅವರ್ಸ್ ಇರುವ ಈ ಡೆಕ್‌ನಲ್ಲಿ ಆಡುವುದಕ್ಕಿಂತ ಆಡದೆ ಕಾಯುವುದೇ ಹೆಚ್ಚು. ಎದುರಾಳಿ ಮುಂದೆ ಏನು ಆಡಿಯಾನು ಎಂದು ಊಹಿಸಲು ಎದುರಿನ ಡೆಕ್ ಗೊತ್ತಿರಬೇಕು. ಮೊದಲ ದಿನ ಅದು ಯಾರಿಗೂ ಗೊತ್ತಿರುವುದಿಲ್ಲ. ಅಂದು ನನ್ನ ತಮ್ಮನಿಗೆ ನಾನು ಮಾಡಿದ ಅನ್ಯಾಯ ಅದೇ.

ಮೂರನೆಯ ಹೆಜ್ಜೆ: ಹೊರಗಿಡಬೇಕಾದವು

ಪಾಪರ್‌ನಲ್ಲಿ ಹೆಸರು ಮಾಡಿದ ಹಲವು ಡೆಕ್‌ಗಳು ಕಲಿಸಲು ಹೊಂದುವುದಿಲ್ಲ. ಬೋಗಲ್ಸ್ ಆಡಲು ಸುಲಭ, ಗೆಲ್ಲುವುದೂ ಹೌದು. ಆದರೆ ಎದುರಾಳಿ ಮುಟ್ಟಲಾಗದ ಜೀವಿಯ ಮೇಲೆ ಎಥೀರಿಯಲ್ ಆರ್ಮರ್ ಮುಂತಾದವನ್ನು ಹೇರುತ್ತ ಹೋಗುವಾಗ ಎದುರು ಕುಳಿತವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಡೆಕ್ ಹಿಡಿದವನಿಗಷ್ಟೇ ಅಲ್ಲ, ಎದುರಿಗಿರುವವನಿಗೂ ಆಟ ಇರಬೇಕು. ಮೂರು ಬಗೆಯ ಲ್ಯಾಂಡ್ ಕೂಡಿಸಿ ಭಾರೀ ಮಾನಾ ತೆಗೆಯುವ ಟ್ರಾನ್ ಡೆಕ್‌ಗಳ ದೀರ್ಘ ಸುತ್ತುಗಳು, ಗೋಡೆಗಳಿಂದ ಲೆಕ್ಕವಿಲ್ಲದಷ್ಟು ಮಾನಾ ತೆಗೆಯುವ ಜೋಡಣೆಗಳು ಅನುಭವಿಗಳಿಗಿರಲಿ. ಮೊನಾರ್ಕ್, ಇನಿಶಿಯೇಟಿವ್ ಎಂದು ಮೇಜಿನ ಪಕ್ಕದಲ್ಲಿ ಇನ್ನೊಂದು ನಿಯಮದ ಕಾರ್ಡು ಇಡಬೇಕಾದವನ್ನೂ ತೆಗೆದುಹಾಕಿ.

ನಾಲ್ಕನೆಯ ಹೆಜ್ಜೆ: ಒಂದಕ್ಕೊಂದು ತೂಗಿ ನೋಡುವುದು

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು, ಮತ್ತು ಇದರಲ್ಲೇ ಪೆಟ್ಟಿಗೆಯ ಜೀವವಿದೆ. ಹೊರಗಿನ ಸ್ಪರ್ಧೆಯಲ್ಲಿ ನಿಮ್ಮ ಬಿಳಿ ಡೆಕ್ ಎಷ್ಟು ಗೆಲ್ಲುತ್ತದೆ ಎಂಬುದು ಇಲ್ಲಿ ಮುಖ್ಯವಲ್ಲ. ಈ ಪೆಟ್ಟಿಗೆಯ ಉಳಿದ ಡೆಕ್‌ಗಳ ಎದುರು ಎಷ್ಟು ಗೆಲ್ಲುತ್ತದೆ ಎಂಬುದೇ ಮುಖ್ಯ. ನೀಲಿ ಬಿಟ್ಟರೆ ನಾಲ್ಕು ಡೆಕ್, ಆರು ಜೋಡಿ. ಪ್ರತಿ ಜೋಡಿಗೆ ಹತ್ತು ಆಟ ಆಡಿ. ಜೊತೆಗೆ ಯಾರೂ ಇಲ್ಲದಿದ್ದರೆ ಎರಡೂ ಕಡೆ ನೀವೇ ಕುಳಿತು ಆಡಬಹುದು. ಹತ್ತರಲ್ಲಿ ಒಂದು ಡೆಕ್ ಏಳಕ್ಕಿಂತ ಹೆಚ್ಚು ಗೆದ್ದರೆ ಅದರ ಹಲ್ಲು ಸ್ವಲ್ಪ ಕೀಳಬೇಕು. ನನ್ನ ಪೆಟ್ಟಿಗೆಯಲ್ಲಿ ಕೆಂಪು ಹಸಿರನ್ನು ತುಳಿಯುತ್ತಿತ್ತು. ಕೆಂಪಿನಿಂದ ಎರಡು ಫೈರ್‌ಬ್ಲಾಸ್ಟ್ ತೆಗೆದು ಹಸಿರಿಗೆ ವೈನ್ಸ್ ನಾಲ್ಕನ್ನೂ ಹಾಕಿದ ಮೇಲೆ ಸಮವಾಯಿತು.

ಹಾಗೆ ಆಡುವಾಗ ಗೆಲುವಿನ ಲೆಕ್ಕದ ಜೊತೆ ಇನ್ನೊಂದು ಕಾಲಂ ಬರೆಯಿರಿ: "ಸೋಲಿನ ಕಾರಣ ಕಂಡಿತೇ?" ಲ್ಯಾಂಡ್ ಬರಲಿಲ್ಲ ಎಂಬ ಉತ್ತರ ಪದೇ ಪದೇ ಬಂದರೆ ಡೆಕ್ ಸರಿಯಿಲ್ಲ. 60ರಲ್ಲಿ 23 ಲ್ಯಾಂಡ್ ಇದ್ದರೆ ಮೊದಲ ಏಳು ಕಾರ್ಡುಗಳಲ್ಲಿ ಸರಾಸರಿ 2.7 ಲ್ಯಾಂಡ್, 18 ಇದ್ದರೆ 2.1. ಕೆಂಪು, ಹಸಿರು ಡೆಕ್‌ಗಳು ಎರಡೇ ಲ್ಯಾಂಡ್‌ನಲ್ಲಿ ಬದುಕಬಲ್ಲವು, ಕಪ್ಪು ಬದುಕಲಾರದು. ಅನುಮಾನವಿದ್ದರೆ ಒಂದು ಲ್ಯಾಂಡ್ ಹೆಚ್ಚೇ ಹಾಕಿ. ಕೈತುಂಬ ಕಾರ್ಡು ಹಿಡಿದು ಏನೂ ಆಡಲಾಗದೆ ಕೂರುವುದಕ್ಕಿಂತ ದೊಡ್ಡ ಬೇಸರ ಹೊಸಬರಿಗೆ ಇಲ್ಲ.

ಐದನೆಯ ಹೆಜ್ಜೆ: ಕಾರ್ಡು ಕೂಡಿಸುವುದು

ತೂಗುವ ಹಂತ ಮುಗಿಯುವವರೆಗೆ ಏನನ್ನೂ ಕೊಳ್ಳಬೇಡಿ. ಜೆರಾಕ್ಸ್ ಅಂಗಡಿಯಲ್ಲಿ ಕಾರ್ಡುಗಳ ಪ್ರತಿ ತೆಗೆಸಿ ಕತ್ತರಿಸಿ, ಪ್ಲಾಸ್ಟಿಕ್ ಸ್ಲೀವ್‌ನೊಳಗೆ ಯಾವುದಾದರೂ ಹಳೆಯ ಕಾರ್ಡಿನ ಮುಂದೆ ಇಟ್ಟರೆ ಮನೆಯ ಆಟಕ್ಕೆ ಸಾಕು. ಅಧಿಕೃತ ಸ್ಪರ್ಧೆಯಲ್ಲಿ ಅವು ನಡೆಯುವುದಿಲ್ಲ ಎಂಬುದನ್ನು ಗೆಳೆಯರಿಗೆ ಮೊದಲೇ ತಿಳಿಸಿ. ಡೆಕ್ ಪಕ್ಕಾ ಆದ ಮೇಲೆ ಬಿಡಿ ಕಾರ್ಡುಗಳನ್ನೇ ಕೊಳ್ಳಿ. ಅದೃಷ್ಟ ನಂಬಿ ಪ್ಯಾಕೆಟ್ ಒಡೆಯುತ್ತ ಕೂತರೆ ನಾಲ್ಕು ರ್‍ಯಾಂಕರ್ ಎಂದಿಗೂ ಕೂಡುವುದಿಲ್ಲ. ಬಹುಕಾಲದಿಂದ ಆಡುವವರ ಮನೆಯಲ್ಲಿ ಕಾಮನ್ ಕಾರ್ಡುಗಳು ಡಬ್ಬಗಟ್ಟಲೆ ಬಿದ್ದಿರುತ್ತವೆ. ಹೊಸಬರಿಗೆ ಕಲಿಸಲೆಂದು ಕೇಳಿದರೆ ಸಂತೋಷದಿಂದ ಕೊಡುವವರನ್ನು ನಾನು ಕಂಡಿದ್ದೇನೆ.

ಕೊಳ್ಳುವಾಗ ಒಂದು ಗೊಂದಲ ಎದುರಾಗುತ್ತದೆ. ಕಾರ್ಡಿನ ಬಲಬದಿಯ ಸರಣಿ ಚಿಹ್ನೆ ಕಪ್ಪಾಗಿದ್ದರೆ ಕಾಮನ್, ಬೆಳ್ಳಿ ಬಣ್ಣವಾದರೆ ಮಧ್ಯಮ, ಚಿನ್ನದ ಬಣ್ಣವಾದರೆ ಅಪರೂಪ. ಆದರೆ ಪಾಪರ್ ನೋಡುವುದು ನಿಮ್ಮ ಕೈಯಲ್ಲಿರುವ ಪ್ರತಿಯನ್ನಲ್ಲ. ಕಾಗದದಲ್ಲಾಗಲಿ ಮ್ಯಾಜಿಕ್ ಆನ್‌ಲೈನ್‌ನಲ್ಲಾಗಲಿ ಆ ಕಾರ್ಡು ಒಮ್ಮೆ ಕಾಮನ್ ಆಗಿ ಬಂದಿದ್ದರೆ ಅದರ ಎಲ್ಲ ಪ್ರತಿಗಳೂ ನಡೆಯುತ್ತವೆ. ಬ್ಯಾಟಲ್ ಸ್ಕ್ರೀಚ್ ಮೊದಲು ಬಂದದ್ದು ಮಧ್ಯಮ ದರ್ಜೆಯಲ್ಲಿ, ಆಮೇಲೆ ಕಾಮನ್ ಆಯಿತು. ಹಳೆಯ ಪ್ರತಿ ಸಿಕ್ಕರೂ ಧೈರ್ಯವಾಗಿ ಹಾಕಿ.

ನಿಷೇಧದ ಪಟ್ಟಿಯನ್ನು ನೋಡದೆ ಡೆಕ್ ಅಂತಿಮಗೊಳಿಸಬೇಡಿ. 2022ರಿಂದ ಈ ಬಗೆಗೆಂದೇ ಒಂದು ಸಮಿತಿ ಕೆಲಸ ಮಾಡುತ್ತಿದೆ. ಕೆಂಪು ಡೆಕ್‌ಗಳ ಹಳೆಯ ಪಟ್ಟಿಗಳಲ್ಲೆಲ್ಲ ಕಾಣುವ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ 2023ರ ಡಿಸೆಂಬರ್ ತಿಂಗಳಲ್ಲಿ ನಿಷೇಧವಾಯಿತು. ಕುಲ್ಡೋಥಾ ರೀಬರ್ತ್ 2025ರ ಮಾರ್ಚ್‌ನಲ್ಲಿ. ಹಳೆಯ ಪಟ್ಟಿ ನೋಡಿ ಕೊಂಡವರು ಸ್ಪರ್ಧೆಯ ಮೇಜಿನ ಮುಂದೆ ಪೆಚ್ಚಾಗಿ ನಿಲ್ಲಬೇಕಾಗುತ್ತದೆ.

ಹೊಳೆಯುವ ಫಾಯಿಲ್ ಕಾರ್ಡು ಬೇಡ. ನಮ್ಮ ಮಳೆಗಾಲದ ತೇವಕ್ಕೆ, ಅದರಲ್ಲೂ ಕರಾವಳಿ, ಮಲೆನಾಡುಗಳಲ್ಲಿ, ಅವು ಬಿಲ್ಲಿನಂತೆ ಬಾಗುತ್ತವೆ. ಬಾಗಿದ ಕಾರ್ಡು ಕಲಸುವಾಗಲೇ ಗುರುತು ಸಿಕ್ಕಿಬಿಡುತ್ತದೆ. ಡೆಕ್‌ನ ಬಣ್ಣದ್ದೇ ಸ್ಲೀವ್ ಹಾಕಿ. ಆಟ ಮುಗಿದ ಮೇಲೆ ಬೆರೆತ ಕಾರ್ಡುಗಳನ್ನು ಬೇರ್ಪಡಿಸಲು ಅರೆ ನಿಮಿಷ ಸಾಕು.

ಆರನೆಯ ಹೆಜ್ಜೆ: ಮೊದಲ ಸಂಜೆ

ಲೈಫ್ ಎಣಿಕೆಗೆ ದಾಳ ಬೇಡ, ಕಾಗದ ಪೆನ್ನು ಇಡಿ. 20, 17, 14, 13 ಎಂದು ಇಳಿದದ್ದು ಬರಹದಲ್ಲಿ ಉಳಿದರೆ ಆಟ ಮುಗಿದ ಮೇಲೆ ಹಿಂದಕ್ಕೆ ಓದಬಹುದು. "ಇಲ್ಲಿ ಒಂದೇ ಸರದಿಯಲ್ಲಿ ಏಳು ಹೋಯಿತಲ್ಲ, ಆಗ ನಾನು ತಡೆಯಬಹುದಿತ್ತು" ಎಂಬ ಮಾತು ಹೊಸಬನ ಬಾಯಿಂದಲೇ ಬರುತ್ತದೆ.

ಗೆಳೆಯರಿಗೆ ಡೆಕ್ ಹಂಚಬೇಡಿ. ನಾಲ್ಕು ಚೀಟಿಗಳನ್ನು ಮೇಜಿನ ಮೇಲಿಟ್ಟು ಓದಿ ಆರಿಸಿಕೊಳ್ಳಲು ಬಿಡಿ. ಸುಡುವುದು ಇಷ್ಟವೋ, ಪಡೆ ಕಟ್ಟುವುದೋ, ಕಾದು ಕೊಲ್ಲುವುದೋ ಎಂಬುದು ಅವರ ಸ್ವಭಾವಕ್ಕೆ ಬಿಟ್ಟದ್ದು. ನನ್ನ ಅನುಭವದಲ್ಲಿ ಇಪ್ಪತ್ತೆಂಟು ಆಡಿ ಬಂದವರು ಹೆಚ್ಚಾಗಿ ಕಪ್ಪನ್ನೇ ಎತ್ತಿಕೊಳ್ಳುತ್ತಾರೆ. ತುರುಫು ಹಿಡಿದಿಟ್ಟು ಕಾಯುವ ಅಭ್ಯಾಸ ಅವರಿಗಿರುತ್ತದೆ.

ಮೊದಲ ಆಟ ಇಬ್ಬರೂ ಕೈ ಬಿಚ್ಚಿಟ್ಟು ಆಡಿ. ಸರದಿಯ ಕ್ರಮ, ಸರದಿಗೊಂದೇ ಲ್ಯಾಂಡ್, ಇಳಿದ ಸರದಿಯಲ್ಲೇ ಜೀವಿ ದಾಳಿ ಮಾಡಲಾರದೆಂಬ ನಿಯಮ, ಅಡ್ಡ ನಿಲ್ಲಿಸುವುದು, ಇಷ್ಟು ಸಾಕು. ಎರಡನೆಯ ಆಟದಿಂದ ಕೈ ಮುಚ್ಚಿ. ಆಗ ಮಲ್ಲಿಗನ್ ಹೇಳಿಕೊಡಿ: ಕೈ ಚೆನ್ನಾಗಿಲ್ಲದಿದ್ದರೆ ಹೊಸದಾಗಿ ಏಳು ಎತ್ತಿಕೊಂಡು ಒಂದನ್ನು ಅಡಿಗೆ ಹಾಕಬಹುದು. ಆಟದ ನಡುವೆ ಸಲಹೆ ಕೊಡಬೇಡಿ, ಕೇಳಿದರೆ ಮಾತ್ರ ಉತ್ತರಿಸಿ. ಮೂರನೆಯ ಆಟಕ್ಕೆ ಡೆಕ್‌ಗಳನ್ನು ಅದಲುಬದಲು ಮಾಡಿಸಿ. ತನ್ನನ್ನು ಸೋಲಿಸಿದ ಡೆಕ್ ತನ್ನ ಕೈಗೇ ಬಂದಾಗ ಅದರ ದುರ್ಬಲ ಜಾಗಗಳು ಕಾಣತೊಡಗುತ್ತವೆ. ಈ ಅದಲುಬದಲನ್ನು ಎಂದೂ ತಪ್ಪಿಸಬೇಡಿ.

ಮೂರು ಆಟಕ್ಕೆ ನಿಲ್ಲಿಸಿ, ಊಟಕ್ಕೆ ಏಳಿ. ಇನ್ನೊಂದು ಆಟ ಆಡೋಣವೆಂದು ಅವರು ಕೇಳಿದರೂ ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಆಮೇಲಿನ ವಾರಗಳು

ಎರಡನೆಯ ಸಂಜೆ ನೀಲಿ ಡೆಕ್ ನಿಮ್ಮ ಕೈಯಲ್ಲಿರಲಿ, ಅವರು ಅದರ ಎದುರು ಆಡಲಿ. ತಡೆಯುವುದೆಂದರೆ ಏನೆಂದು ಅನುಭವಿಸಿದ ಮೇಲೆಯೇ ಅದನ್ನು ಹಿಡಿಯುವ ಆಸೆ ಹುಟ್ಟುತ್ತದೆ. ಸ್ಪೆಲ್‌ಸ್ಟಟರ್ ಸ್ಪ್ರೈಟ್ ಒಂಟಿಯಾಗಿ ಬಂದರೆ ಒಂದು ಮಾನಾದ ಕಾರ್ಡನ್ನು ತಡೆಯಬಲ್ಲದು. ಆದರೆ ಅದರ ತಡೆ ಫಲಿಸುವ ಮೊದಲೇ ಎದುರಿನವನು ಇನ್ನೊಂದು ಬೋಲ್ಟ್‌ನಿಂದ ಸ್ಪ್ರೈಟ್ ಅನ್ನು ಕೊಂದರೆ ಮೇಜಿನ ಮೇಲೆ ಫೇರಿಗಳ ಸಂಖ್ಯೆ ಸೊನ್ನೆ, ತಡೆಯೂ ಬಿದ್ದುಹೋಗುತ್ತದೆ. ಕೊನೆಗೆ ಬಂದದ್ದು ಮೊದಲು ಫಲಿಸುತ್ತದೆಂಬ ಸ್ಟ್ಯಾಕ್ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೂರನೆಯ ಸಂಜೆ ಸೈಡ್‌ಬೋರ್ಡ್ ತೆಗೆಯಿರಿ. ಪೂರ್ತಿ 15 ಬೇಡ, ಡೆಕ್‌ಗೆ ನಾಲ್ಕೇ ಕಾರ್ಡು ಸಾಕು. ಕೆಂಪಿಗೆ ಪೈರೋಬ್ಲಾಸ್ಟ್, ನೀಲಿಗೆ ಹೈಡ್ರೋಬ್ಲಾಸ್ಟ್: ಪರಸ್ಪರ ಎದುರಾದಾಗ ಪ್ರಾಣ ಉಳಿಸುವವು, ಬೇರೆಯವರ ಎದುರು ನಿಷ್ಪ್ರಯೋಜಕ. ಯಾವುದನ್ನು ತೆಗೆದು ಅದನ್ನು ಹಾಕುತ್ತಾರೆಂದು ಸುಮ್ಮನೆ ನೋಡಿ. ಆ ಹೊತ್ತಿಗೆ ಯಾರಾದರೊಬ್ಬರು ಒಂದು ಕಾರ್ಡು ಎತ್ತಿ ಹಿಡಿದು "ಇದು ಈ ಡೆಕ್‌ನಲ್ಲಿ ಏಕಿದೆ? ಇದರ ಬದಲು ಬೇರೆ ಹಾಕಲೇ?" ಎಂದು ಕೇಳುತ್ತಾರೆ. ಕಾಮನ್ ಕಾರ್ಡುಗಳ ಡಬ್ಬವನ್ನು ಅವರ ಮುಂದಕ್ಕೆ ಸರಿಸಿ. ಚಿಕ್ಕಪ್ಪನ ಮಗ ವರ್ಷಗಳ ನಂತರ ಮತ್ತೆ ಬಂದು ಕುಳಿತಾಗ ಬಿಳಿ ಡೆಕ್ ಆರಿಸಿಕೊಂಡ. ಈಗ ಅದರಲ್ಲಿ ನಾನು ಹಾಕಿದ್ದ ಹನ್ನೊಂದು ಕಾರ್ಡು ಇಲ್ಲ. ಆ ಜಾಗದಲ್ಲಿ ಅವನು ಆರಿಸಿದ ಹನ್ನೊಂದು ಇವೆ.